ರಿಯಲ್ ವಿಮೆನ್ ಹ್ಯಾವ್ ಕರ್ವ್ಸ್ (2002): ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಇಂಡಿಪೆಂಡೆಂಟ್ ಸಿನಿಮಾಗಳ, ಅಂದರೆ ದೊಡ್ಡ ಸ್ಟುಡಿಯೋಗಳ ಹೊರಗೆ ತಯಾರಾಗುವ ಸಿನಿಮಾಗಳ, ಮಾತು ಬಂದಾಗೆಲ್ಲ ಈ ಚಿತ್ರದ ಹೆಸರು ಬರುತ್ತದೆ. ಹೆಸರಿನ ಹಿಂದೆಯೇ ಅವೇ ಪ್ರಶ್ನೆಗಳೂ ಬರುತ್ತವೆ. ಉತ್ತರಗಳನ್ನು ಒಂದೇ ಕಡೆ ಹಾಕಿದ್ದೇನೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ, ಎಲ್ಲ ಓದಲೇಬೇಕು ಅಂತೇನಿಲ್ಲ. ಸಿನಿಮಾದ ಕೊನೆ ಬಿಟ್ಟುಕೊಡುವ ಪ್ರಶ್ನೆಗೆ ಅಲ್ಲೇ ಎಚ್ಚರಿಕೆ ಕೊಟ್ಟಿದ್ದೇನೆ.

ಯಾವ ಸಿನಿಮಾ ಇದು? ಯಾರು ಮಾಡಿದ್ದು?

ಪೆಟ್ರಿಸಿಯಾ ಕಾರ್ಡೋಸೊ ನಿರ್ದೇಶಿಸಿದ ಚಿತ್ರ. ಹೊಸೆಫಿನಾ ಲೋಪೆಸ್ ಬರೆದ ಅದೇ ಹೆಸರಿನ ನಾಟಕ ಇದಕ್ಕೆ ಮೂಲ. ಚಿತ್ರಕತೆಯನ್ನು ಲೋಪೆಸ್ ಮತ್ತು ನಿರ್ಮಾಪಕ ಜಾರ್ಜ್ ಲವೂ ಸೇರಿ ಬರೆದರು. ಅನಾ ಗಾರ್ಸಿಯಾ ಎಂಬ ಹುಡುಗಿಯ ಪಾತ್ರ ಅಮೆರಿಕಾ ಫೆರೇರಾ ಅವರದು, ಅವಳ ಅಮ್ಮ ಕಾರ್ಮೆನ್ ಪಾತ್ರ ಲೂಪೆ ಒಂಟಿವೆರೋಸ್ ಅವರದು. ಸುಮಾರು ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಹಾಡು, ಹೊಡೆದಾಟ, ದೊಡ್ಡ ತಿರುವು ಯಾವುದೂ ಇಲ್ಲ. ಒಂದು ಬೇಸಿಗೆ, ಒಂದು ಮನೆ, ಒಂದು ಹೊಲಿಗೆ ಕೋಣೆ, ಅಷ್ಟೇ.

ಕತೆ ಏನು?

ಲಾಸ್ ಏಂಜಲೀಸ್‌ನ ಪೂರ್ವ ಭಾಗದಲ್ಲಿರುವ ಬಾಯ್ಲ್ ಹೈಟ್ಸ್‌ನಲ್ಲಿ ಅನಾಳ ಮನೆ. ವಯಸ್ಸು 18. ಓದಿದ್ದು ಮಾತ್ರ ಊರಿನ ಇನ್ನೊಂದು ಕಡೆ, ಸಿರಿವಂತರ ಬೆವರ್ಲಿ ಹಿಲ್ಸ್ ಹೈಸ್ಕೂಲಿನಲ್ಲಿ. ದಿನಾ ಬಸ್ಸು ಹತ್ತಿ ಇಳಿದು ಅಷ್ಟು ದೂರ ಹೋಗಿ ಬರುವ ಹುಡುಗಿ.

ಸಿನಿಮಾ ಶುರುವಾಗುವುದು ಶಾಲೆಯ ಕೊನೆಯ ದಿನ. ಅವತ್ತೇ ಅಮ್ಮ ಹುಷಾರಿಲ್ಲ ಅಂತ ಹಾಸಿಗೆ ಬಿಟ್ಟು ಏಳುವುದಿಲ್ಲ. ಗಂಡಸರಿಗೆ ತಿಂಡಿ ಯಾರು ಮಾಡಿ ಹಾಕಬೇಕು? ಅನಾ ಮಾಡಬೇಕು ಅನ್ನೋದು ಅಮ್ಮನ ಲೆಕ್ಕ. ಅನಾ ಮಾತಿಗೆ ಮಾತು ಕೊಟ್ಟು ಶಾಲೆಗೆ ಹೊರಟೇಬಿಡುತ್ತಾಳೆ. ಮುಂದಿನ ಒಂದೂವರೆ ಗಂಟೆಯ ಜಗಳವೆಲ್ಲ ಈ ಮೊದಲ ಐದು ನಿಮಿಷದಲ್ಲೇ ಇದೆ.

ಶಾಲೆಯಲ್ಲಿ ಗುಸ್‌ಮಾನ್ ಮೇಷ್ಟ್ರು ಅವಳ ಹಿಂದೆ ಬಿದ್ದಿದ್ದಾರೆ. ನೀನು ಬುದ್ಧಿವಂತೆ, ಕಾಲೇಜಿಗೆ ಅರ್ಜಿ ಹಾಕು ಅಂತ. ಮನೆಯಲ್ಲಿ ಅಮ್ಮ ಇನ್ನೊಂದು ಕಡೆ ಎಳೆಯುತ್ತಾಳೆ. ಓದಿದ್ದು ಸಾಕು, ಅಕ್ಕನ ಜೊತೆ ಕೆಲಸಕ್ಕೆ ಹೋಗು ಅಂತ. ಅಕ್ಕ ಎಸ್ಟೆಲಾ ಪುಟ್ಟ ಹೊಲಿಗೆ ಫ್ಯಾಕ್ಟರಿ ನಡೆಸುತ್ತಾಳೆ. ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಬಂದಿದ್ದ ಅನಾ, ಬೇರೆ ದಾರಿ ಕಾಣದೆ ಅಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿಯುತ್ತಾಳೆ. ರಾತ್ರಿ ಕದ್ದುಮುಚ್ಚಿ ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಯ ಅರ್ಜಿಗೆ ತನ್ನ ಬಗ್ಗೆ ತಾನೇ ಬರೆದುಕೊಳ್ಳುವ ಪ್ರಬಂಧ ಸಿದ್ಧ ಮಾಡುತ್ತಾಳೆ. ನಡುವೆ ಜಿಮ್ಮಿ ಎಂಬ ಬಿಳಿಯರ ಹುಡುಗನ ಜೊತೆ ಸ್ನೇಹ, ಪ್ರೀತಿ.

ದಪ್ಪಗಿರುವ ಹುಡುಗಿ ತನ್ನ ಮೈಯನ್ನು ತಾನು ಒಪ್ಪಿಕೊಳ್ಳುವ ಸಿನಿಮಾ ಅಲ್ವಾ ಇದು?

ಪೋಸ್ಟರು, ಹೆಸರು, ಪತ್ರಿಕೆಗಳ ಪರಿಚಯ ಎಲ್ಲವೂ ಹಾಗೇ ಹೇಳುತ್ತವೆ. ಸುಳ್ಳೇನಲ್ಲ. ಆದರೆ ಅಷ್ಟನ್ನೇ ನಂಬಿಕೊಂಡು ಕೂತರೆ ಅರ್ಧ ಸಿನಿಮಾ ಕೈತಪ್ಪಿ ಹೋಗುತ್ತದೆ.

ನನ್ನ ಪ್ರಕಾರ ಇದು ದುಡಿಮೆಯ ಕುರಿತ ಸಿನಿಮಾ. ಈ ಹುಡುಗಿಯ ದುಡಿಮೆ ಯಾರಿಗೆ ಸೇರಿದ್ದು? ಅವಳಿಗಾ, ಮನೆಗಾ? ತಾಯಿ-ಮಗಳ ಜಗಳದ ಬುಡ ಇದು. ಮೈ, ತೂಕ, ಮದುವೆ, ಗಂಡು, ಊಟ ಎಲ್ಲವೂ ಆ ಜಗಳ ಆಡುವುದಕ್ಕೆ ಸಿಗುವ ನೆಪಗಳು. ತೂಕ ಇಳಿಸು ಅಂತ ಅಮ್ಮ ಗೋಳು ಹುಯ್ದುಕೊಳ್ಳುವುದು ಮದುವೆ ಆಗಲಿ ಅಂತ. ಮದುವೆ ಆಗಲಿ ಅನ್ನೋದು ಮಗಳು ಕಣ್ಣಳತೆಯಲ್ಲೇ ಇರಲಿ ಅಂತ. ಹೀಗೆ ಒಂದೊಂದೇ ಎಳೆ ಬಿಡಿಸಿಕೊಂಡು ಹೋದರೆ ಕೊನೆಗೆ ಸಿಗುವುದು ಹೊಲಿಗೆ ಮೆಷಿನ್ನು.

ಎಚ್‌ಬಿಒ ದುಡ್ಡು ಹಾಕಿದೆಯಲ್ಲ, ಇದು ಇಂಡಿಪೆಂಡೆಂಟ್ ಹೇಗಾಯಿತು?

ಒಳ್ಳೆ ಪ್ರಶ್ನೆ. ಎಚ್‌ಬಿಒ ಫಿಲ್ಮ್ಸ್ ಇದನ್ನು ತನ್ನ ಟೀವಿ ಚಾನೆಲ್‌ಗೆ ಅಂತಲೇ ಮಾಡಿಸಿದ್ದು. ಖರ್ಚು ಸುಮಾರು 30 ಲಕ್ಷ ಡಾಲರ್. ಹಾಲಿವುಡ್ ಸ್ಟುಡಿಯೋಗಳಿಗೆ ಇದು ಚಿಲ್ಲರೆ ಕಾಸು. ದೊಡ್ಡ ನಟರಿಲ್ಲ. ನಾಯಕಿಗೆ ಆಗ 17 ವರ್ಷ, ಹೆಸರು ಕೇಳಿದವರೇ ಇಲ್ಲ.

2002ರ ಜನವರಿಯಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಪ್ರೇಕ್ಷಕರ ಪ್ರಶಸ್ತಿ ಬಂತು. ಫೆರೇರಾ ಮತ್ತು ಒಂಟಿವೆರೋಸ್ ಇಬ್ಬರಿಗೂ ನಟನೆಗೆ ತೀರ್ಪುಗಾರರ ವಿಶೇಷ ಪ್ರಶಸ್ತಿ ಬಂತು. ಇಷ್ಟಾದ ಮೇಲೆ ಟೀವಿಗೆ ಮಾತ್ರ ಇಟ್ಟುಕೊಳ್ಳುವುದು ಹೇಗೆ? ನ್ಯೂಮಾರ್ಕೆಟ್ ಎಂಬ ಹಂಚಿಕೆ ಸಂಸ್ಥೆಯ ಮೂಲಕ ಅದೇ ವರ್ಷ ಅಕ್ಟೋಬರ್ 18ರಂದು ಥಿಯೇಟರಿಗೆ ಬಿಟ್ಟರು. ಅಮೆರಿಕದಲ್ಲಿ ಸುಮಾರು 58 ಲಕ್ಷ ಡಾಲರ್ ಗಳಿಸಿತು. ಮುಂದಿನ ವರ್ಷ ಇಂಡಿಪೆಂಡೆಂಟ್ ಸ್ಪಿರಿಟ್ ಪ್ರಶಸ್ತಿಗಳಲ್ಲಿ ನಿರ್ಮಾಪಕಿ ಎಫಿ ಬ್ರೌನ್ ಅವರಿಗೆ ನಿರ್ಮಾಪಕರ ಪ್ರಶಸ್ತಿ ಸಿಕ್ಕಿತು, ಫೆರೇರಾ ಹೊಸ ನಟರ ವಿಭಾಗದಲ್ಲಿ ನಾಮನಿರ್ದೇಶನಗೊಂಡರು. ಇಂಡಿಪೆಂಡೆಂಟ್ ಸಿನಿಮಾದವರೇ ನಮ್ಮವಳು ಅಂತ ಒಪ್ಪಿಕೊಂಡ ಮೇಲೆ ನಾವು ತಕರಾರು ತೆಗೆಯುವುದು ಬೇಡ.

ನಿಜವಾಗಿ ನಡೆದ ಕತೆನಾ?

ಬೇರು ನಿಜ. ಹೊಸೆಫಿನಾ ಲೋಪೆಸ್ ಹುಟ್ಟಿದ್ದು 1969ರಲ್ಲಿ, ಮೆಕ್ಸಿಕೊದ ಸಾನ್ ಲೂಯಿಸ್ ಪೊಟೊಸಿಯಲ್ಲಿ. 5 ವರ್ಷದವರಿದ್ದಾಗ ಮನೆಯವರ ಜೊತೆ ಬಾಯ್ಲ್ ಹೈಟ್ಸ್‌ಗೆ ಬಂದರು. ಮುಂದೆ 13 ವರ್ಷ ವಲಸೆಯ ಕಾಗದಪತ್ರ ಇಲ್ಲದೆಯೇ ಅಮೆರಿಕದಲ್ಲಿ ಬೆಳೆದರು. ಹೈಸ್ಕೂಲು ಮುಗಿಸಿ ಅಕ್ಕನ ಹೊಲಿಗೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದರು. ಆ ಅನುಭವವೇ ನಾಟಕವಾಯಿತು. ನಾಟಕ ಬರೆಯುವಾಗ ಅವರಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. 1990ರಲ್ಲಿ ಸಾನ್ ಫ್ರಾನ್ಸಿಸ್ಕೊದಲ್ಲಿ ಮೊದಲ ಪ್ರದರ್ಶನ ಆಯಿತು.

ಲೋಪೆಸ್ ಇವತ್ತಿಗೂ ಬಾಯ್ಲ್ ಹೈಟ್ಸ್ ನಂಟು ಬಿಟ್ಟಿಲ್ಲ. 2000ದಲ್ಲಿ ಅಲ್ಲೇ ಕಾಸಾ 0101 ಎಂಬ ರಂಗಮಂದಿರ ಕಟ್ಟಿದರು.

ನಾಟಕಕ್ಕೂ ಸಿನಿಮಾಗೂ ಏನು ವ್ಯತ್ಯಾಸ?

ಬೇಕಾದಷ್ಟಿದೆ. ಸಿನಿಮಾ ಮಾತ್ರ ನೋಡಿದವರಿಗೆ ನಾಟಕದ ಒಂದು ದೊಡ್ಡ ವಿಷಯ ಗೊತ್ತೇ ಆಗುವುದಿಲ್ಲ: ಭಯ.

ನಾಟಕ ನಡೆಯುವುದು 1987ರಲ್ಲಿ. ಅದರ ಹಿಂದಿನ ವರ್ಷ, 1986ರ ನವೆಂಬರಿನಲ್ಲಿ, ಅಧ್ಯಕ್ಷ ರೇಗನ್ ಒಂದು ಕಾನೂನಿಗೆ ಸಹಿ ಹಾಕಿದ್ದರು. 1982ರ ಜನವರಿ 1ಕ್ಕೂ ಮುಂಚಿನಿಂದ ಕಾಗದವಿಲ್ಲದೆ ಅಮೆರಿಕದಲ್ಲಿ ನೆಲೆಸಿದ್ದವರು ಅರ್ಜಿ ಹಾಕಿ ಕಾನೂನುಬದ್ಧರಾಗಲು ಅದು ಅವಕಾಶ ಕೊಟ್ಟಿತು. ಸುಮಾರು 27 ಲಕ್ಷ ಜನ ಆ ಕಾನೂನಿನಡಿ ಕಾಯಂ ನಿವಾಸಿಗಳಾದರು. ಲೋಪೆಸ್ ಕೂಡ ಅವರಲ್ಲಿ ಒಬ್ಬರು.

ನಾಟಕದ ಐದು ಹೆಂಗಸರಲ್ಲಿ ಕಾಗದ ಇರುವವರೂ ಇದ್ದಾರೆ, ಇಲ್ಲದವರೂ ಇದ್ದಾರೆ. ಕೆಲವರ ಕೈಗೆ ಗ್ರೀನ್ ಕಾರ್ಡ್ ಆಗಷ್ಟೇ ಬಂದಿದೆ. ಕೈಯಲ್ಲಿ ಕಾರ್ಡ್ ಇದ್ದರೂ ಇಮಿಗ್ರೇಶನ್ ಪೊಲೀಸರ ವ್ಯಾನು ಬೀದಿಯಲ್ಲಿ ಕಂಡರೆ ಎದೆ ಧಸಕ್ ಎನ್ನುತ್ತದೆ, ಹಳೇ ಅಭ್ಯಾಸ. ಎಸ್ಟೆಲಾಗೆ ಕಾರ್ಡೇ ಇಲ್ಲ. ಮೆಷಿನ್‌ಗಳ ಸಾಲದ ವಿಷಯದಲ್ಲಿ ಕೋರ್ಟಿನ ತಾಪತ್ರಯ ಇದೆ, ಅರ್ಜಿ ಹಾಕುವುದಕ್ಕೇ ಹೆದರಿಕೆ. ಇಡೀ ನಾಟಕ ಆ ಒಂದೇ ಕೋಣೆಯೊಳಗೆ ನಡೆಯುತ್ತದೆ. ಹೊರಗೆ ಹೋಗುವುದೇ ಅಪಾಯ ಆಗಿರುವಾಗ ಅದು ಬರೀ ರಂಗತಂತ್ರ ಅನ್ನಿಸುವುದಿಲ್ಲ.

ಸಿನಿಮಾ ಈ ಭಯವನ್ನು ಬಹುಮಟ್ಟಿಗೆ ಕೈಬಿಟ್ಟಿತು. ಕಾಲವನ್ನೂ ಹೊಸದಾಗಿಸಿತು. ಬದಲಿಗೆ ಬೆವರ್ಲಿ ಹಿಲ್ಸ್ ಶಾಲೆ, ಜಿಮ್ಮಿ, ಮೇಷ್ಟ್ರು, ಕೊಲಂಬಿಯಾ ಸೇರಿಸಿತು. ನಾಟಕದ ಅನಾ ನ್ಯೂಯಾರ್ಕ್ ಯೂನಿವರ್ಸಿಟಿಗೆ ಹೋಗಲು ಕಾಸು ಕೂಡಿಡುತ್ತಿರುತ್ತಾಳೆ, ಕೊನೆಯಲ್ಲಿ ಹೆಂಗಸರೆಲ್ಲ ಸೇರಿ ಎಸ್ಟೆಲಾಳ ಅಂಗಡಿ ಕಟ್ಟುವ ದಾರಿ ಹಿಡಿಯುತ್ತಾರೆ. ಅಂದರೆ ಗೆಲುವು ಐದೂ ಜನಕ್ಕೆ. ಸಿನಿಮಾದಲ್ಲಿ ಗೆಲುವು ಒಬ್ಬಳಿಗೆ.

ಯಾವುದು ಮೇಲು? ನನಗೆ ಸಿನಿಮಾದ ಅಮ್ಮ ಜಾಸ್ತಿ ಇಷ್ಟ, ನಾಟಕದ ಕೊನೆ ಜಾಸ್ತಿ ಇಷ್ಟ.

ಬಾಯ್ಲ್ ಹೈಟ್ಸ್ ಎಂಥ ಜಾಗ?

ಲಾಸ್ ಏಂಜಲೀಸ್ ನದಿ ದಾಟಿದರೆ ಪೂರ್ವಕ್ಕೆ ಸಿಗುವ ಬಡಾವಣೆ. ಕಳೆದ ಶತಮಾನದ ಮೊದಲರ್ಧದಲ್ಲಿ ಇಲ್ಲಿ ಯಹೂದಿಗಳು, ಜಪಾನಿಗಳು, ಮೆಕ್ಸಿಕನ್ನರು ಅಕ್ಕಪಕ್ಕ ಇದ್ದರು. ಊರಿನ ಬೇರೆ ಎಷ್ಟೋ ಬಡಾವಣೆಗಳಲ್ಲಿ ಇವರಿಗೆ ಮನೆ ಕೊಡುತ್ತಿರಲಿಲ್ಲ. ಆಮೇಲೆ ಇದು ಹೆಚ್ಚುಕಡಿಮೆ ಪೂರ್ತಿ ಮೆಕ್ಸಿಕನ್ ಮೂಲದವರ ಜಾಗವಾಯಿತು. ಮಾರಿಯಾಚಿ ಪ್ಲಾಜಾ ಎಂಬ ಚೌಕ ಇದೆ. ಹಾಡುಗಾರರು ತಮ್ಮ ಗಿಟಾರು, ತುತ್ತೂರಿ ಹಿಡಿದು ಅಲ್ಲಿ ನಿಂತಿರುತ್ತಾರೆ. ಮದುವೆಗೋ ಹುಟ್ಟುಹಬ್ಬಕ್ಕೋ ಬೇಕಾದವರು ಬಂದು ಕರೆದುಕೊಂಡು ಹೋಗುತ್ತಾರೆ.

ಸಿನಿಮಾ ಅರ್ಥವಾಗಲು ಇನ್ನೊಂದು ಸಂಗತಿ ಗೊತ್ತಿರಬೇಕು. 1968ರ ಮಾರ್ಚಿನಲ್ಲಿ ಈ ಭಾಗದ ಹೈಸ್ಕೂಲುಗಳ ಸಾವಿರಾರು ಮಕ್ಕಳು ತರಗತಿ ಬಿಟ್ಟು ಬೀದಿಗೆ ಬಂದರು. ಬಾಯ್ಲ್ ಹೈಟ್ಸ್‌ನ ರೂಸ್‌ವೆಲ್ಟ್ ಹೈಸ್ಕೂಲು ಅದರಲ್ಲಿ ಒಂದು. ಮೆಕ್ಸಿಕನ್ ಮಕ್ಕಳನ್ನು ಕಾಲೇಜಿಗೆ ತಯಾರು ಮಾಡುವುದಿಲ್ಲ, ಕೈಕೆಲಸಕ್ಕೆ ತಳ್ಳುತ್ತೀರಿ ಅನ್ನೋದು ಅವರ ದೂರು. ಅನಾ ಮನೆ ಹತ್ತಿರದ ಶಾಲೆ ಬಿಟ್ಟು ಬೆವರ್ಲಿ ಹಿಲ್ಸ್‌ಗೆ ಯಾಕೆ ಹೋಗುತ್ತಾಳೆ, ಒಬ್ಬ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ; ಹೆಣ್ಣಾದರೆ ಲ್ಯಾಟಿನಾ) ಮೇಷ್ಟ್ರು ಅವಳ ಅರ್ಜಿಗಾಗಿ ಮನೆ ಬಾಗಿಲಿಗೇ ಯಾಕೆ ಬರುತ್ತಾರೆ ಎನ್ನುವುದಕ್ಕೆ ಈ ಹಿನ್ನೆಲೆ ಇದೆ. ಸಿನಿಮಾ ಇದನ್ನೆಲ್ಲ ಬಾಯಿಬಿಟ್ಟು ಹೇಳುವುದಿಲ್ಲ. ಆ ಊರಿನವರಿಗೆ ಹೇಳುವ ಅಗತ್ಯವೂ ಇಲ್ಲ.

ಆ 18 ಡಾಲರ್ ಲೆಕ್ಕ ಏನು?

ಎಸ್ಟೆಲಾಳ ಹೆಂಗಸರು ಹೊಲಿಯುವ ಡ್ರೆಸ್ಸು ಬ್ಲೂಮಿಂಗ್‌ಡೇಲ್ಸ್ ಎಂಬ ದೊಡ್ಡ ಅಂಗಡಿಗೆ ಹೋಗುತ್ತದೆ. ಅಲ್ಲಿ ಬೆಲೆ 600 ಡಾಲರ್. ಎಸ್ಟೆಲಾಗೆ ಸಿಗುವುದು 18. ನೂರಕ್ಕೆ ಮೂರು. ಆ 18ರಲ್ಲೇ ಹೆಂಗಸರ ಕೂಲಿ, ಕರೆಂಟು, ಬಾಡಿಗೆ ಎಲ್ಲ ಆಗಬೇಕು. ಇದು ತಿಳಿದಾಗ ಅನಾಗೆ ತಲೆ ಕೆಡುತ್ತದೆ. ಅಕ್ಕನ ಮುಖಕ್ಕೇ ಇದು ಜೀತದ ಫ್ಯಾಕ್ಟರಿ ಎನ್ನುವ ಅರ್ಥದ ಮಾತು ಹೇಳಿಬಿಡುತ್ತಾಳೆ.

ಇಲ್ಲಿ ಸಿನಿಮಾ ಒಂದು ಒಳ್ಳೆ ಕೆಲಸ ಮಾಡಿದೆ. ಎಸ್ಟೆಲಾಳನ್ನು ಹೀರುವ ಮಾಲಕಿಯಾಗಿಯೂ ತೋರಿಸುವುದಿಲ್ಲ, ದೇವತೆಯಾಗಿಯೂ ತೋರಿಸುವುದಿಲ್ಲ. ಅವಳೂ ಬೆಳಗ್ಗಿಂದ ರಾತ್ರಿವರೆಗೆ ಮೆಷಿನ್ ಮುಂದೆ ಇರುತ್ತಾಳೆ. ಕೆಲಸದವರಿಗೆ ಸಂಬಳ ಕೊಡಲು ದುಡ್ಡಿಲ್ಲ. ಮುಂಗಡ ಕೇಳಲು ಹೋದರೆ ಆರ್ಡರ್ ಕೊಡುವ ಕಂಪನಿಯ ಅಧಿಕಾರಿಣಿ ನಯವಾಗಿ ಇಲ್ಲ ಎನ್ನುತ್ತಾಳೆ. ಆ ಅಧಿಕಾರಿಣಿಯೂ ಲ್ಯಾಟಿನಾ ಇರಲಿ, ಬಿಳಿಯಳಿರಲಿ, ಲೆಕ್ಕ ಬದಲಾಗುತ್ತಿರಲಿಲ್ಲ. ಕಡಿಮೆಗೆ ಹೊಲಿದುಕೊಡುವವರು ಪಕ್ಕದ ಬೀದಿಯಲ್ಲಿ ಇದ್ದೇ ಇರುತ್ತಾರೆ.

ಲಾಸ್ ಏಂಜಲೀಸ್ ಅಮೆರಿಕದ ಬಟ್ಟೆ ಹೊಲಿಗೆಯ ದೊಡ್ಡ ಕೇಂದ್ರ. ಬ್ರ್ಯಾಂಡು ಗುತ್ತಿಗೆದಾರನಿಗೆ ಕೊಡುತ್ತದೆ, ಅವನು ಇನ್ನೊಬ್ಬನಿಗೆ, ಅವನು ಹತ್ತು ಮೆಷಿನ್ನಿನ ಕೋಣೆಗೆ. ಕೂಲಿ ಪೀಸ್ ಲೆಕ್ಕದಲ್ಲಿ, ಇಷ್ಟು ಹೊಲಿದರೆ ಇಷ್ಟು ಅಂತ. 1995ರಲ್ಲಿ ಪಕ್ಕದ ಎಲ್ ಮಾಂಟೆ ಊರಿನಲ್ಲಿ ಮುಳ್ಳುತಂತಿಯೊಳಗೆ ಕೂಡಿಹಾಕಿ ಹೊಲಿಸುತ್ತಿದ್ದ 72 ಥಾಯ್ ಕೆಲಸಗಾರರನ್ನು ಬಿಡಿಸಿದಾಗ ಇಡೀ ದೇಶ ಬೆಚ್ಚಿತು. 1999ರಲ್ಲಿ ಕ್ಯಾಲಿಫೋರ್ನಿಯಾ ಹೊಲಿಗೆಯವರ ಕೂಲಿ ಕಾಪಾಡಲು ಒಂದು ಕಾನೂನು ತಂದಿತು, ಅದರ ಕಣ್ಣು ತಪ್ಪಿಸುವ ದಾರಿಗಳನ್ನು ಕಂಪನಿಗಳು ಕಂಡುಕೊಂಡವು. 2021ರಲ್ಲಿ ಇನ್ನೊಂದು ಕಾನೂನು ಬಂತು. 2022ರ ಜನವರಿಯಿಂದ ಆ ರಾಜ್ಯದ ಗಾರ್ಮೆಂಟ್ಸ್‌ನಲ್ಲಿ ಪೀಸ್ ಲೆಕ್ಕದ ಕೂಲಿಗೆ ನಿಷೇಧ, ಗಂಟೆ ಲೆಕ್ಕದಲ್ಲೇ ಕೊಡಬೇಕು. ಕೂಲಿ ಬಾಕಿ ಉಳಿಸಿದರೆ ಬ್ರ್ಯಾಂಡೂ ಹೊಣೆ. ಸಿನಿಮಾ ಬಂದ ಇಪ್ಪತ್ತು ವರ್ಷಕ್ಕೆ, ನೋಡಿ.

ಗಾರ್ಮೆಂಟ್ಸ್ ಅಂದ ಕೂಡಲೇ ನಮಗೆ ಪೀಣ್ಯದ ದೊಡ್ಡ ಶೆಡ್ಡು, ಸಾಲಾಗಿ ನೂರಾರು ಮೆಷಿನ್ನು, ಶಿಫ್ಟ್ ಬಿಡುವಾಗಿನ ಬಸ್ಸುಗಳು ನೆನಪಾಗುತ್ತವೆ. ಎಸ್ಟೆಲಾಳದ್ದು ಅಂಥದ್ದಲ್ಲ. ಒಂದು ಕೋಣೆ, ಕೆಲವೇ ಹೆಂಗಸರು, ಎಲ್ಲರೂ ಒಬ್ಬರಿಗೊಬ್ಬರು ಗೊತ್ತಿರುವವರು, ಕೆಲವರು ಒಂದೇ ಮನೆಯವರು. ಹಾಗಾಗಿ ಕೂಲಿ ತಡವಾದರೆ ಕೇಳುವುದಕ್ಕೂ ಮುಜುಗರ.

ಹೆಂಗಸರು ಬಟ್ಟೆ ಬಿಚ್ಚುವ ಆ ಪ್ರಸಿದ್ಧ ದೃಶ್ಯ ಯಾಕೆ ಅಷ್ಟು ಹೆಸರಾಯಿತು?

ದೃಶ್ಯ ಶುರುವಾಗುವುದು ಸೆಕೆಯಿಂದ. ಬೇಸಿಗೆ. ಕೋಣೆಯಲ್ಲಿ ಇಸ್ತ್ರಿಯ ಹಬೆ. ಫ್ಯಾನು ಹಾಕುವ ಹಾಗಿಲ್ಲ, ಹಾಕಿದರೆ ಧೂಳೆದ್ದು ಹೊಸ ಡ್ರೆಸ್ಸಿನ ಮೇಲೆ ಕೂರುತ್ತದೆ. ಡ್ರೆಸ್ಸು ಕೆಟ್ಟರೆ ದುಡ್ಡು ಹೋಯಿತು. ಅಂದರೆ ಬಟ್ಟೆ ಕೊಳೆಯಾಗದಿರಲಿ ಅಂತ ಮನುಷ್ಯರು ಬೇಯಬೇಕು.

ಅನಾಗೆ ಸಾಕಾಗುತ್ತದೆ. ಮೇಲಂಗಿ ತೆಗೆದು ಒಳಉಡುಪಿನಲ್ಲೇ ಇಸ್ತ್ರಿ ಮಾಡತೊಡಗುತ್ತಾಳೆ. ಅಮ್ಮನಿಗೆ ನಾಚಿಕೆ, ಸಿಟ್ಟು. ಉಳಿದವರು ಮೊದಲು ನಗುತ್ತಾರೆ. ಆಮೇಲೆ ಒಬ್ಬೊಬ್ಬರೇ ಬಿಚ್ಚುತ್ತಾರೆ. ನನ್ನ ತೊಡೆ ನೋಡು, ನನ್ನ ಹೊಟ್ಟೆಯ ಗೆರೆ ನೋಡು ಅಂತ ಪೈಪೋಟಿಗೆ ಬೀಳುತ್ತಾರೆ. ನೀನೊಬ್ಬಳೇ ದಪ್ಪ ಅಂದುಕೊಂಡಿದ್ದೆಯಾ ಅನ್ನೋ ಧಾಟಿ. ಅಷ್ಟು ವರ್ಷ ಒಟ್ಟಿಗೆ ಕೂತು ಹೊಲಿದವರು ಅವತ್ತು ಮೊದಲ ಸಲ ಒಬ್ಬರನ್ನೊಬ್ಬರು ನೋಡಿದ ಹಾಗಿದೆ.

ಕ್ಯಾಮರಾ ಎಲ್ಲಿ ನಿಲ್ಲುತ್ತದೆ ಗಮನಿಸಿ. ಮೈಮೇಲೆ ಜಾರಾಡುವುದಿಲ್ಲ, ಹಾಗಂತ ನಾಚಿಕೊಂಡು ಮುಖ ತಿರುಗಿಸುವುದೂ ಇಲ್ಲ. ಪಕ್ಕದ ಮೆಷಿನ್ನಿನಲ್ಲಿ ಕೂತಿರುವವಳು ಎಷ್ಟು ನೋಡುತ್ತಾಳೋ ಅಷ್ಟು ನೋಡುತ್ತದೆ. ನಗುತ್ತಲೇ ಮತ್ತೆ ಕೆಲಸಕ್ಕೆ ಕೂರುತ್ತಾರೆ, ಅದು ಮುಖ್ಯ. ಇದು ಮೆರವಣಿಗೆಯಲ್ಲ, ಕೆಲಸದ ನಡುವಿನ ಒಂದು ಉಸಿರು. ಕಾರ್ಮೆನ್ ಮಾತ್ರ ತಡೆಯಲಾರದೆ ಹೊರಗೆ ಹೋಗಿಬಿಡುತ್ತಾಳೆ. ಆ ನಗುವಿನಲ್ಲಿ ಅವಳಿಗೂ ಜಾಗ ಇತ್ತು, ಅವಳೇ ತಗೊಳ್ಳಲಿಲ್ಲ.

ಅಮ್ಮ ವಿಲನ್ನಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಕಾರ್ಮೆನ್ ಆಡುವ ಮಾತುಗಳನ್ನು ಕಾಗದದ ಮೇಲೆ ಬರೆದುಕೊಂಡರೆ ವಿಲನ್ ಅಂತಲೇ ಅನ್ನಿಸುತ್ತದೆ. ಮಗಳನ್ನು ಎಲ್ಲರೆದುರು ದಪ್ಪಿ ಎನ್ನುತ್ತಾಳೆ. ಹೇಗೆ ನಡೆಯಬೇಕು, ಹೇಗೆ ಕೂರಬೇಕು ಅಂತ ಪಾಠ ಮಾಡುತ್ತಾಳೆ. ಹುಷಾರಿಲ್ಲದ ನಾಟಕ ಆಡುತ್ತಾಳೆ. ಮಗಳು ಒಬ್ಬನ ಜೊತೆ ಮಲಗಿದ್ದು ಗೊತ್ತಾದಾಗ ಆಡುವ ಮಾತು ಕೇಳಲಾಗುವುದಿಲ್ಲ.

ಫ್ಲಾನ್ ದೃಶ್ಯ ನೆನಪಿಸಿಕೊಳ್ಳಿ. ಫ್ಲಾನ್ ಅಂದರೆ ಹಾಲು, ಮೊಟ್ಟೆ, ಸುಟ್ಟ ಸಕ್ಕರೆಯ ಪಾಕ ಸೇರಿಸಿ ಮಾಡುವ ಸಿಹಿ. ತಿನ್ನಬೇಡ, ಮೊದಲೇ ದಪ್ಪಗಿದ್ದೀಯ ಅಂತ ಅಮ್ಮ ತಡೆಯುತ್ತಾಳೆ. ಅನಾ ಅಮ್ಮನ ಕಣ್ಣಲ್ಲಿ ಕಣ್ಣಿಟ್ಟು ಒಂದು ಚಮಚ ಬಾಯಿಗಿಡುತ್ತಾಳೆ. ಅಷ್ಟೇ. ಮಾತಿಲ್ಲ. ಆಗ ಒಂಟಿವೆರೋಸ್ ಮುಖ ನೋಡಿ. ಸಿಟ್ಟಿಗಿಂತ ಜಾಸ್ತಿ ಗಾಬರಿ ಇದೆ ಅಲ್ಲಿ. ಇವಳು ನನ್ನ ಕೈಮೀರಿ ಹೋಗುತ್ತಿದ್ದಾಳೆ ಅನ್ನೋ ಗಾಬರಿ.

ಕಾರ್ಮೆನ್‌ಗೆ ತನ್ನದೇ ಒಂದು ನ್ಯಾಯ ಇದೆ. 13ನೇ ವಯಸ್ಸಿನಿಂದ ದುಡಿದಿದ್ದೇನೆ, ಇವಳಿಗೆ 18 ಆಯಿತು, ಈಗ ಇವಳ ಸರದಿ. ಇದು ಕ್ರೌರ್ಯ ಅಂತ ಅವಳಿಗೆ ಅನ್ನಿಸುವುದೇ ಇಲ್ಲ. ಅವಳಿಗೆ ಯಾರೂ ರಜೆ ಕೊಟ್ಟಿರಲಿಲ್ಲ. ಮಗಳು ಓದಲು ಹೋಗಿಬಿಟ್ಟರೆ, ತನಗೂ ಇನ್ನೊಂದು ಬದುಕು ಸಾಧ್ಯವಿತ್ತು ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಅದನ್ನು ಒಪ್ಪಿಕೊಳ್ಳುವುದಕ್ಕಿಂತ ಮಗಳನ್ನು ಕಟ್ಟಿಹಾಕುವುದು ಸುಲಭ.

ಇನ್ನೊಂದು ಎಳೆ ಇದೆ. ಕಾರ್ಮೆನ್ ತಾನು ಮತ್ತೆ ಬಸುರಿ ಅಂದುಕೊಳ್ಳುತ್ತಾಳೆ. ಗುಟ್ಟಾಗಿ ಇಟ್ಟುಕೊಳ್ಳುತ್ತಾಳೆ, ಒಳಗೊಳಗೇ ಹಿಗ್ಗುತ್ತಾಳೆ. ಡಾಕ್ಟರು ಮುಟ್ಟು ನಿಲ್ಲುತ್ತಿದೆ ಎನ್ನುತ್ತಾರೆ. ಥಿಯೇಟರಿನಲ್ಲಿ ಜನ ನಕ್ಕಿರಬಹುದು, ನಗಿಸುವ ಹಾಗೇ ತೆಗೆದಿದ್ದಾರೆ. ಆದರೆ ಕೂಸು ಎತ್ತಿ ಆಡಿಸುವ ಕೆಲಸ ಮುಗಿಯಿತು, ಕೊನೇ ಮಗಳು ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತಿದ್ದಾಳೆ, ಇನ್ನು ತಾನು ಯಾರು? ಕಾರ್ಮೆನ್ ಬಳಿ ಇದಕ್ಕೆ ಉತ್ತರ ಇಲ್ಲ. ಸಿನಿಮಾ ಕೊಡಲೂ ಹೋಗುವುದಿಲ್ಲ.

ಅಪ್ಪ, ಅಜ್ಜ ಏನು ಮಾಡುತ್ತಿರುತ್ತಾರೆ?

ಅಪ್ಪ ರಾವುಲ್ ಮೊದಲಿಗೆ ಸಂಸಾರ ಒಟ್ಟಿಗಿರಬೇಕು ಅನ್ನೋ ಪಕ್ಷ. ಮೆತ್ತಗಿನ ಮನುಷ್ಯ, ನಿಧಾನವಾಗಿ ಕರಗುತ್ತಾನೆ. ಅಜ್ಜ ಮೊದಲಿಂದಲೂ ಮೊಮ್ಮಗಳ ಕಡೆ. ಅವಳು ಜಿಮ್ಮಿಯನ್ನು ನೋಡಲು ಹೋಗುವಾಗ ನೆಪ ಕೊಡುವವನೂ ಅವನೇ. ಈ ಗಂಡಸರು ಒಳ್ಳೆಯವರಾಗುವುದು ಸುಲಭ, ಯಾಕೆಂದರೆ ಬೈಯುವ ಕೆಲಸವನ್ನೆಲ್ಲ ಕಾರ್ಮೆನ್ ವಹಿಸಿಕೊಂಡಿದ್ದಾಳೆ. ಇದು ಸಿನಿಮಾ ಸ್ವಲ್ಪ ಸಲೀಸಾಗಿ ದಾಟಿಕೊಂಡು ಹೋದ ಜಾಗ.

ಜಿಮ್ಮಿ ಪಾತ್ರ ಬೇಕಿತ್ತಾ?

ಅರ್ಧ ಬೇಕಿತ್ತು. ಒಂದು ಒಳ್ಳೆ ದೃಶ್ಯ ಇದೆ. ಮೊದಲ ಸಲ ಜೊತೆಯಾಗುವಾಗ ಅನಾ ದೀಪ ಆರಿಸಬೇಡ ಎನ್ನುತ್ತಾಳೆ. ತಾನು ಹೇಗಿದ್ದೇನೋ ಹಾಗೇ ಅವನು ನೋಡಲಿ ಅಂತ. ಉಳಿದಂತೆ ಜಿಮ್ಮಿ ಒಳ್ಳೆ ಹುಡುಗ, ಅಷ್ಟೇ. ಪುಣ್ಯಕ್ಕೆ ಸಿನಿಮಾ ಪ್ರೀತಿಯನ್ನು ಕತೆಯ ಗುರಿ ಮಾಡಿಲ್ಲ. ಬೇಸಿಗೆ ಮುಗಿಯುತ್ತದೆ, ಅದೂ ಮುಗಿಯುತ್ತದೆ. ಹುಡುಗಿ ಅಳುತ್ತಾ ಕೂರುವುದಿಲ್ಲ.

ನಟಿಯರು ನಿಜವಾಗಿ ಮೆಕ್ಸಿಕನ್ ಮೂಲದವರಾ?

ಕೆಲವರು. ನಾಟಕ ಬರೆದ ಲೋಪೆಸ್ ಅಂತೂ ಮೆಕ್ಸಿಕೊದಲ್ಲೇ ಹುಟ್ಟಿದವರು. ಒಂಟಿವೆರೋಸ್ ಟೆಕ್ಸಸ್‌ನ ಎಲ್ ಪಾಸೊದಲ್ಲಿ ಹುಟ್ಟಿದ ಮೆಕ್ಸಿಕನ್-ಅಮೆರಿಕನ್. ಫೆರೇರಾ ಹುಟ್ಟಿದ್ದು ಲಾಸ್ ಏಂಜಲೀಸ್‌ನಲ್ಲಿ, ಅಪ್ಪ ಅಮ್ಮ ಹೊಂಡುರಾಸ್‌ನವರು. ನಿರ್ದೇಶಕಿ ಕಾರ್ಡೋಸೊ ಕೊಲಂಬಿಯಾ ದೇಶದವರು, ಸಿನಿಮಾಕ್ಕೆ ಬರುವ ಮುಂಚೆ ಪುರಾತತ್ವ ಓದಿ ಕೆಲಸ ಮಾಡಿದ್ದವರು.

ಒಂಟಿವೆರೋಸ್ ಬಗ್ಗೆ ಇನ್ನೊಂದು ಮಾತು. ಮೊದಲು ಸಮಾಜಸೇವಾ ಕೆಲಸದಲ್ಲಿದ್ದವರು, ಆಮೇಲೆ ನಟನೆಗೆ ಬಂದರು. ರಂಗದ ಮೇಲೆ, ತೆರೆಯ ಮೇಲೆ ಸೇರಿ ಸುಮಾರು 150 ಸಲ ಮನೆಕೆಲಸದವಳ ಪಾತ್ರ ಮಾಡಿದ್ದೇನೆ ಅಂತ ಅವರೇ ಲೆಕ್ಕ ಹೇಳುತ್ತಿದ್ದರು. ಹಾಲಿವುಡ್ ಅವರಿಗೆ ಕೊಡುತ್ತಿದ್ದುದು ಹೆಚ್ಚಾಗಿ ಅದೇ. ಕಾರ್ಮೆನ್‌ನಂಥ ಪೂರ್ತಿ ಮನುಷ್ಯಳ ಪಾತ್ರ ಕೈಗೆ ಸಿಕ್ಕಾಗ ಅವರಿಗೆ ಅರವತ್ತು ಹತ್ತಿರ. 2012ರಲ್ಲಿ ತೀರಿಕೊಂಡರು.

ಭಾಷೆ ಯಾವುದು? ಸಬ್‌ಟೈಟಲ್ ಬೇಕಾ?

ಇಂಗ್ಲಿಷು, ಸ್ಪ್ಯಾನಿಷ್ ಎರಡೂ. ಅಮ್ಮ ಸ್ಪ್ಯಾನಿಷ್‌ನಲ್ಲಿ ಬೈಯುತ್ತಾಳೆ, ಮಗಳು ಇಂಗ್ಲಿಷಿನಲ್ಲಿ ಎದುರುತ್ತರ ಕೊಡುತ್ತಾಳೆ, ಇಬ್ಬರಿಗೂ ಅರ್ಥವಾಗುತ್ತದೆ. ಸಬ್‌ಟೈಟಲ್ ಹಾಕಿಕೊಂಡೇ ನೋಡಿ, ಅಮ್ಮನ ಒಳ್ಳೊಳ್ಳೆ ಮಾತೆಲ್ಲ ಸ್ಪ್ಯಾನಿಷ್‌ನಲ್ಲೇ ಇವೆ.

ಮಕ್ಕಳ ಜೊತೆ ಕೂತು ನೋಡಬಹುದಾ?

ಅಮೆರಿಕದಲ್ಲಿ ಪಿಜಿ-13 ಸರ್ಟಿಫಿಕೇಟು ಕೊಟ್ಟಿದ್ದಾರೆ, ಅಂದರೆ 13ಕ್ಕಿಂತ ಚಿಕ್ಕವರ ವಿಷಯದಲ್ಲಿ ಹೆತ್ತವರು ಯೋಚಿಸಿ ತೋರಿಸಿ ಅಂತ. ಒಳಉಡುಪಿನ ದೃಶ್ಯ ಇದೆ, ಹುಡುಗ ಹುಡುಗಿ ಜೊತೆಯಾಗುವುದಿದೆ, ಮೈ ಬಗ್ಗೆ ಬಿಚ್ಚುಮಾತಿದೆ. ಹಿಂಸೆ ಇಲ್ಲ. ಹದಿಹರೆಯದ ಮಗಳ ಜೊತೆ ಅಮ್ಮ ನೋಡಬಹುದಾದ ಸಿನಿಮಾ ಅನ್ನೋದು ನನ್ನ ಅಭಿಪ್ರಾಯ. ಅರ್ಧಕ್ಕೆ ಯಾರಾದರೂ ಒಬ್ಬರು ಎದ್ದು ಹೋದರೆ ನನ್ನನ್ನು ಬೈಯಬೇಡಿ.

ಕೊನೆಗೆ ಏನಾಗುತ್ತದೆ? (ನೋಡಿಲ್ಲದವರು ಈ ಉತ್ತರ ಬಿಟ್ಟು ಮುಂದೆ ಹೋಗಿ)

ಕೊಲಂಬಿಯಾ ಯೂನಿವರ್ಸಿಟಿಯಲ್ಲಿ ಸೀಟು ಸಿಗುತ್ತದೆ, ಸ್ಕಾಲರ್‌ಶಿಪ್ಪೂ ಸಿಗುತ್ತದೆ. ಮನೆಯವರು ಮೊದಲು ಒಪ್ಪುವುದಿಲ್ಲ. ಅನಾ ಒಂದು ಹಂತದಲ್ಲಿ ಹೋಗುವುದೇ ಬೇಡ ಅಂದುಕೊಳ್ಳುತ್ತಾಳೆ. ಹಟಕ್ಕೆ ಬಿದ್ದು ಅಕ್ಕನ ಆರ್ಡರ್ ಮುಗಿಸಿಕೊಡಲು ದುಡಿಯುತ್ತಾಳೆ. ಅಷ್ಟರಲ್ಲಿ ಆ ಕೆಲಸದ ಬಗ್ಗೆ, ಹೆಂಗಸರ ಬಗ್ಗೆ ಅವಳ ನೋಟ ಬದಲಾಗಿರುತ್ತದೆ. ಶುರುವಿನಲ್ಲಿ ಮೂಗು ಮುರಿಯುತ್ತಿದ್ದವಳು ಈಗ ಅಕ್ಕನ ಹೊಲಿಗೆಯನ್ನು ಕಲೆ ಅಂತ ನೋಡುತ್ತಾಳೆ. ಅಕ್ಕ ಅವಳ ಅಳತೆಗೇ ಒಂದು ಡ್ರೆಸ್ಸು ಹೊಲಿದುಕೊಡುತ್ತಾಳೆ.

ಕೊನೆಗೆ ಅಪ್ಪ, ಅಜ್ಜ ಹರಸುತ್ತಾರೆ, ಏರ್‌ಪೋರ್ಟಿಗೆ ಬಿಡುತ್ತಾರೆ. ಅಮ್ಮ ಕೋಣೆಯಿಂದ ಹೊರಗೆ ಬರುವುದಿಲ್ಲ. ಮಗಳು ಬಾಗಿಲಾಚೆ ನಿಂತು ಆಶೀರ್ವಾದ ಕೇಳಿದರೂ ಬಾಗಿಲು ತೆಗೆಯುವುದಿಲ್ಲ.

ಅಪ್ಪಿಕೊಂಡು ಅಳುವ ಒಂದು ದೃಶ್ಯ ಹಾಕಿದ್ದರೆ ನೋಡುವವರಿಗೆ ಹಾಯೆನಿಸುತ್ತಿತ್ತು. ಹಾಕಲಿಲ್ಲ, ಒಳ್ಳೇದಾಯಿತು. ಕಾರ್ಮೆನ್ ಸೋತಿಲ್ಲ, ಬದಲಾಗಿಯೂ ಇಲ್ಲ. ಕೊನೆಯ ಶಾಟ್‌ನಲ್ಲಿ ಅನಾ ನ್ಯೂಯಾರ್ಕಿನ ಜನಜಂಗುಳಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ನಡೆಯುತ್ತಾಳೆ. ಹೆಣ್ಣು ಹೀಗೆ ನಡೆಯಬೇಕು ಅಂತ ಪಾಠ ಮಾಡಿದ್ದು ಅಮ್ಮನೇ.

ನನ್ನ ತಕರಾರು ಒಂದೇ: ಎಸ್ಟೆಲಾ. ಆರ್ಡರ್ ಹೋಯಿತು, ಮುಂದಿನ ತಿಂಗಳು? ಅದೇ 18 ಡಾಲರ್. ಹೆಚ್ಚು ಕೆಲಸ ಮಾಡಿದವಳನ್ನು ಸಿನಿಮಾ ಅಲ್ಲೇ ಮೆಷಿನ್ ಮುಂದೆ ಬಿಟ್ಟು ವಿಮಾನ ಹತ್ತಿಬಿಟ್ಟಿತು.

ಇವತ್ತಿಗೂ ಇದಕ್ಕೆ ಬೆಲೆ ಇದೆಯಾ?

2019ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿಗೆ ಸೇರಿಸಿತು. ದೇಶದ ಆಸ್ತಿಯಾಗಿ ಕಾಪಾಡಬೇಕಾದ ಸಿನಿಮಾಗಳ ಪಟ್ಟಿ ಅದು. ಲ್ಯಾಟಿನಾ ನಿರ್ದೇಶಕಿಯೊಬ್ಬರ ಚಿತ್ರ ಆ ಪಟ್ಟಿಗೆ ಸೇರಿದ್ದು ಅದೇ ಮೊದಲು. 2021ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆಸ್ಕರ್ ಅಕಾಡೆಮಿಯ ಮ್ಯೂಸಿಯಂ ತೆರೆದಾಗ ಈ ಚಿತ್ರಕ್ಕೂ ಒಂದು ಜಾಗ ಕೊಟ್ಟರು.

ಫೆರೇರಾ ಮುಂದೆ ಟೀವಿಯಲ್ಲಿ ಅಗ್ಲಿ ಬೆಟ್ಟಿ ಧಾರಾವಾಹಿಯ ನಾಯಕಿಯಾಗಿ 2007ರಲ್ಲಿ ಟೀವಿಯ ದೊಡ್ಡ ಪ್ರಶಸ್ತಿ ಎಮ್ಮಿ ಗೆದ್ದರು. 2023ರ ಬಾರ್ಬಿ ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನವೂ ಬಂತು. ನಿರ್ದೇಶಕಿಗೆ ಅಂಥ ಅದೃಷ್ಟ ಇರಲಿಲ್ಲ. ಇಷ್ಟೆಲ್ಲ ಪ್ರಶಸ್ತಿಯ ಮೇಲೂ ಕಾರ್ಡೋಸೊ ಅವರಿಗೆ ಹಾಲಿವುಡ್‌ನಲ್ಲಿ ಅವಕಾಶಗಳು ಸಾಲುಗಟ್ಟಲಿಲ್ಲ. ಟೀವಿ ಚಿತ್ರ, ಧಾರಾವಾಹಿ ಕಂತುಗಳು, ಕೊಲಂಬಿಯಾದಲ್ಲಿ ಒಂದು ಚಿತ್ರ, ಹೀಗೆ ಸಾಗಿತು. 2002ರಲ್ಲಿ ಸನ್‌ಡಾನ್ಸ್‌ನಲ್ಲಿ ಹೀಗೆ ಗೆದ್ದ ಒಬ್ಬ ಬಿಳಿಯ ಹುಡುಗನಾಗಿದ್ದರೆ ಕತೆ ಬೇರೆ ಇರುತ್ತಿತ್ತು ಅಂತ ನನಗನ್ನಿಸುತ್ತದೆ.

ಮ್ಯೂಸಿಕಲ್ (ಹಾಡು-ಕುಣಿತದ ನಾಟಕ) ಕೂಡ ಬಂದಿದೆಯಂತೆ?

ಹೌದು. 2023ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಮೊದಲ ಪ್ರದರ್ಶನ, 2025ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಬ್ರಾಡ್‌ವೇ. ಸಂಗೀತ ಜಾಯ್ ಹ್ವೆರ್ತಾ ಮತ್ತು ಬೆಂಜಮಿನ್ ವೆಲೆಸ್ ಅವರದು. ಕಾರ್ಮೆನ್ ಪಾತ್ರ ಮಾಡಿದ ಹುಸ್ತಿನಾ ಮಚಾಡೊ ಅವರಿಗೆ ರಂಗಭೂಮಿಯ ಟೋನಿ ಪ್ರಶಸ್ತಿಗೆ ನಾಮನಿರ್ದೇಶನ ಸಿಕ್ಕಿತು. ಆದರೂ ಜೂನ್ ಕೊನೆಗೆ ಪ್ರದರ್ಶನ ನಿಂತಿತು. ಕುತೂಹಲದ ವಿಷಯ ಅಂದರೆ ಮ್ಯೂಸಿಕಲ್ ಮತ್ತೆ 1987ಕ್ಕೆ ಹೋಯಿತು, ಸಿನಿಮಾ ಕೈಬಿಟ್ಟಿದ್ದ ಕಾಗದಪತ್ರದ ಭಯವನ್ನು ವಾಪಸ್ ತಂದಿತು. ಅದರಲ್ಲಿ ಮನೆಯಲ್ಲಿ ಪೌರತ್ವ ಇರುವವಳು ಅನಾ ಒಬ್ಬಳೇ. ಆಗ ಅವಳು ಮನೆ ಬಿಟ್ಟು ಹೋಗುವುದರ ತೂಕವೇ ಬೇರೆಯಾಗುತ್ತದೆ.

ಇದಾದ ಮೇಲೆ ಏನು ನೋಡಲಿ?

ಲಾಸ್ ಏಂಜಲೀಸ್‌ನಲ್ಲೇ ನಡೆಯುವ ಎರಡು ಹೇಳುತ್ತೇನೆ. 2006ರ ಕಿನ್ಸೆಆನ್ಯೆರಾ: ಎಕೋ ಪಾರ್ಕ್ ಬಡಾವಣೆಯ ಹುಡುಗಿ, 15ನೇ ಹುಟ್ಟುಹಬ್ಬದ ಸಂಭ್ರಮ ಹತ್ತಿರ ಬರುವಾಗ ಬಸುರಿಯಾಗಿರುವುದು ಗೊತ್ತಾಗುತ್ತದೆ. ಸನ್‌ಡಾನ್ಸ್‌ನಲ್ಲಿ ತೀರ್ಪುಗಾರರ ದೊಡ್ಡ ಪ್ರಶಸ್ತಿ, ಪ್ರೇಕ್ಷಕರ ಪ್ರಶಸ್ತಿ ಎರಡೂ ಗೆದ್ದ ಚಿತ್ರ. ಇನ್ನೊಂದು 2012ರ ಮೊಸ್ಕಿತಾ ಇ ಮಾರಿ, ಔರೋರಾ ಗೆರೇರೊ ನಿರ್ದೇಶನ, ಇಬ್ಬರು ಹುಡುಗಿಯರ ಸ್ನೇಹದ ಕತೆ. ಮಾತು ಕಡಿಮೆ, ನಿಧಾನ. ಕಾರ್ಮೆನ್‌ನ ಗಲಾಟೆ ಕೇಳಿ ಕಿವಿ ಗುಂಯ್ ಎನ್ನುತ್ತಿದ್ದರೆ ಮೊದಲು ಇದನ್ನೇ ಹಾಕಿ.